ಕಾಳಿನೊಳಗಿನ ದಾಂಪತ್ಯ

ಹುಳ ಬೀಳದ ಕಾಳಿನ ಡಬ್ಬಿ ಪ್ರಪಂಚದಲ್ಲಿ ಎಲ್ಲಿಯಾದರೂ ಇದ್ದೀತು, ನಾನು ಕಂಡಿಲ್ಲ. ಅಂಗಡಿಯಿಂದ ತಂದ ಅಲಸಂದೆ ಡಬ್ಬಿ ಸೇರಿ ತಿಂಗಳಾಗಿರುತ್ತದೆ. ಮುಚ್ಚಳ ಬಿಗಿಯಾಗಿಯೇ ಇರುತ್ತದೆ. ಆದರೂ ಒಂದು ದಿನ ತೆಗೆದು ನೋಡಿದರೆ ಒಳಗೆ ಕಂದುಬಣ್ಣದ ಸಂಸಾರವೊಂದು ಹತ್ತಿ ಇಳಿದು ಓಡಾಡುತ್ತಿರುತ್ತದೆ. ಮುಚ್ಚಿದ ಡಬ್ಬಿಯೊಳಕ್ಕೆ ಇವು ಎಲ್ಲಿಂದ ಬಂದವು ಎಂದು ಮನೆಯವರು ಬೆರಗಾಗುತ್ತಾರೆ, ಅಂಗಡಿಯವನನ್ನು ಬೈಯುತ್ತಾರೆ, ಅಂಗಡಿಯವನು ಮಳೆಗಾಲವನ್ನು ಬೈಯುತ್ತಾನೆ. ನಿಜಸಂಗತಿ ಏನೆಂದರೆ, ಆ ಹುಳ ಬಹುಮಟ್ಟಿಗೆ ಕಾಳಿನ ಹೊಟ್ಟೆಯಲ್ಲಿಯೇ ಕುಳಿತು ಮನೆಗೆ ಬಂದಿರುತ್ತದೆ. ಹೊಲದಲ್ಲಿಯೋ ಗೋದಾಮಿನಲ್ಲಿಯೋ ತಾಯಿಹುಳ ಕಾಳಿನ ಮೈಗೆ ಮೊಟ್ಟೆಯನ್ನು ಅಂಟಿಸಿ ಹೋಗಿರುತ್ತದೆ. ಕಾಳು ಆರಿಸುವ ಹೆಂಗಸರು ಬಲ್ಲ ಆ ಬಿಳಿಯ ಚುಕ್ಕೆಯೇ ಮೊಟ್ಟೆ. ಮರಿ ಮೊಟ್ಟೆಯ ತಳದಿಂದ ನೇರವಾಗಿ ಕಾಳನ್ನು ಕೊರೆದು ಒಳಗೆ ಇಳಿಯುತ್ತದೆ. ಅಲ್ಲಿಯೇ ತಿಂದು, ಅಲ್ಲಿಯೇ ಬೆಳೆದು, ಅಲ್ಲಿಯೇ ಕೋಶವಾಗಿ, ಮೂರು ನಾಲ್ಕು ವಾರಗಳಲ್ಲಿ ಕಾಳಿನ ಸಿಪ್ಪೆಯಲ್ಲಿ ದುಂಡನೆಯ ಬಾಗಿಲೊಂದನ್ನು ಕತ್ತರಿಸಿಕೊಂಡು ಹೊರಕ್ಕೆ ಬರುತ್ತದೆ.

ನಮ್ಮ ಅಜ್ಜಿಯರು ಇದಕ್ಕೆ ಮದ್ದು ಕಂಡುಕೊಂಡಿದ್ದರು. ಬೇಳೆಗೆ ಹರಳೆಣ್ಣೆ ಸವರುತ್ತಿದ್ದರು. ತೊಗರಿಗೆ ಕೆಮ್ಮಣ್ಣು ಕಟ್ಟುತ್ತಿದ್ದರು. ಕಾಳನ್ನು ಬಿಸಿಲಿಗೆ ಹರಡಿ, ಒಣಗಿದ ಬೇವಿನೆಲೆ ಹಾಕಿ ಇಡುತ್ತಿದ್ದರು. ಎಣ್ಣೆ ಮೊಟ್ಟೆಯ ಉಸಿರಾಟವನ್ನು ಕಟ್ಟುತ್ತದೆ ಎಂದು ವಿಜ್ಞಾನಿಗಳು ಆಮೇಲೆ ಹೇಳಿದರು. ಅಜ್ಜಿಯರಿಗೆ ಆ ವಿವರಣೆಯ ಅಗತ್ಯವಿರಲಿಲ್ಲ.

ಡಬ್ಬಿಯೊಳಗೆ ಹೊರಬಂದ ಹುಳಕ್ಕೆ ಊಟವಿಲ್ಲ, ನೀರಿಲ್ಲ. ಕಾಳಿನಲ್ಲಿದ್ದಾಗ ತಿಂದು ಕೂಡಿಟ್ಟ ಕೊಬ್ಬೇ ಅದರ ಬಾಳಿನ ಬಂಡವಾಳ. ಬಾಳೆಂದರೆ ಒಂದು ವಾರ, ಹೆಚ್ಚೆಂದರೆ ಎರಡು. ಅಷ್ಟರಲ್ಲಿ ಅದಕ್ಕಿರುವ ಕೆಲಸ ಒಂದೇ: ಜೊತೆಯನ್ನು ಹುಡುಕುವುದು, ಕೂಡುವುದು, ಹೆಣ್ಣಾದರೆ ಮೊಟ್ಟೆಯಿಡುವುದು. ಇಷ್ಟು ಶುದ್ಧವಾದ ಗೃಹಸ್ಥಾಶ್ರಮ ಬೇರೆಲ್ಲಿಯೂ ಇಲ್ಲವೆಂದು ಹೇಳಬಹುದು.

ಈ ದಾಂಪತ್ಯದ ವಿಷಯವನ್ನೇ ನಾನು ಇವತ್ತು ಬರೆಯಬೇಕೆಂದಿದ್ದೇನೆ. ಭಾನುವಾರ ಬೆಳಗ್ಗೆ ಕಾಫಿಯ ಲೋಟ ಕೈಯಲ್ಲಿ ಹಿಡಿದು ಓದುವ ಪುಟಕ್ಕೆ ಇದು ತಕ್ಕ ವಿಷಯವೇ ಎಂದು ಕೆಲವರು ಹುಬ್ಬೇರಿಸಿಯಾರು. ಅವರಲ್ಲಿ ನನ್ನದೊಂದು ವಿಜ್ಞಾಪನೆ. ನಾನು ಬಹುಕಾಲ ಪ್ರಾಣಿಶಾಸ್ತ್ರದ ಪಾಠ ಹೇಳಿ ನಿವೃತ್ತನಾದವನು. ನಾನು ಓದುತ್ತಿದ್ದ ಕಾಲದಲ್ಲಿ ನಮಗೊಬ್ಬ ಹಿರಿಯ ಅಧ್ಯಾಪಕರಿದ್ದರು. ಜೀರ್ಣಾಂಗಗಳನ್ನು ಅವರ ಹಾಗೆ ವಿವರಿಸುವವರು ಇನ್ನೊಬ್ಬರಿರಲಿಲ್ಲ. ಜನನಾಂಗಗಳ ಅಧ್ಯಾಯ ಬಂದ ಕೂಡಲೇ ಅವರು ಪುಸ್ತಕವನ್ನು ಮುಚ್ಚಿ, ಹಿಂದಿನ ಬೆಂಚಿನ ಮೇಲಿದ್ದ ಗೋಡೆಯನ್ನು ನೋಡುತ್ತಾ, “ಇದನ್ನು ಮನೆಯಲ್ಲಿ ಓದಿಕೊಂಡುಬಿಡಿ” ಎನ್ನುತ್ತಿದ್ದರು. ತರಗತಿಯಲ್ಲಿ ನಾಲ್ಕು ಜನ ಹುಡುಗಿಯರಿದ್ದರು. ಅವರು ತಲೆ ತಗ್ಗಿಸುತ್ತಿದ್ದರು. ನಾವು ಮೀಸೆ ಮೂಡದ ತುಟಿಗಳಲ್ಲಿ ನಗುತ್ತಿದ್ದೆವು. ಜಿರಲೆಯನ್ನು ಕೊಯ್ದು ಅದರ ಅಂಗಗಳ ಚಿತ್ರ ಬರೆಯುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಯಾವ ಅಂಗ ಹಾಗೇಕಿದೆ ಎಂದು ಕೇಳುವುದು ಮಾತ್ರ ಮರ್ಯಾದೆಯಾಗಿರಲಿಲ್ಲ. ಹಾಗೆ ಕೇಳದೆ ಉಳಿದ ಪ್ರಶ್ನೆಯ ಕಥೆಯೇ ಮುಂದಿನದು.

ಅಲಸಂದೆಯ ಹುಳ ಜೀರುಂಡೆಗಳ ಕುಲಕ್ಕೆ ಸೇರಿದ್ದು. ಜೀರುಂಡೆ ಎಂದರೆ ಮಲೆನಾಡಿನ ಮರಗಳಲ್ಲಿ ಕುಳಿತು ಕಿವಿ ಕೊರೆಯುವ ಹುಳವನ್ನು ನೆನೆಯಬಾರದು. ಮುಂದಿನ ರೆಕ್ಕೆಗಳೆರಡೂ ಗಟ್ಟಿ ಚಿಪ್ಪಾಗಿ ಬೆನ್ನನ್ನು ಮುಚ್ಚಿರುವ ಕೀಟಗಳಿಗೆಲ್ಲ ಈ ಹೆಸರು. ಸಗಣಿಯುಂಡೆ ಉರುಳಿಸುವ ಹುಳ, ತೆಂಗಿನ ಸುಳಿ ತಿನ್ನುವ ಕೊಂಬಿನ ಹುಳ, ಮಿಂಚುಹುಳ, ಎಲ್ಲವೂ ಇದೇ ಬಳಗ. ಹೆಸರು ಪಡೆದ ಪ್ರಭೇದಗಳೇ ಸುಮಾರು 4 ಲಕ್ಷ. 1957ರಲ್ಲಿ ಇಂಗ್ಲೆಂಡನ್ನು ಬಿಟ್ಟು ನಮ್ಮ ದೇಶಕ್ಕೆ ಬಂದು, ಇಲ್ಲಿಯವರೇ ಆಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೆ. ಬಿ. ಎಸ್. ಹಾಲ್ಡೇನ್ ಅವರನ್ನು ಯಾರೋ, ಸೃಷ್ಟಿಯನ್ನು ನೋಡಿ ಸೃಷ್ಟಿಕರ್ತನ ಬಗ್ಗೆ ಏನು ತಿಳಿಯಬಹುದು ಎಂದು ಕೇಳಿದರಂತೆ. ಆತನಿಗೆ ಜೀರುಂಡೆಗಳ ಮೇಲೆ ವಿಪರೀತ ಮೋಹವಿದ್ದಿರಬೇಕು ಎಂಬರ್ಥದ ಉತ್ತರ ಬಂದಿತೆಂದು ಪ್ರತೀತಿ.

ಈ 4 ಲಕ್ಷವನ್ನು ಒಂದರಿಂದ ಒಂದನ್ನು ಬೇರ್ಪಡಿಸುವುದು ಹೇಗೆ? ಎಷ್ಟೋ ಜೀರುಂಡೆಗಳು ಹೊರಗಿನಿಂದ ನೋಡಿದರೆ ಅವಳಿ ಮಕ್ಕಳಂತಿರುತ್ತವೆ. ಬಣ್ಣ ಒಂದೇ, ಅಳತೆ ಒಂದೇ. ಪಳಗಿದ ಕೀಟಶಾಸ್ತ್ರಜ್ಞ ಹುಳದ ಹಿಂಭಾಗವನ್ನು ಸೂಜಿಯಿಂದ ಬಿಡಿಸಿ, ಗಂಡಿನ ಜನನಾಂಗವನ್ನು ಹೊರತೆಗೆದು ಸೂಕ್ಷ್ಮದರ್ಶಕದಡಿಯಲ್ಲಿ ಇಡುತ್ತಾನೆ. ಅಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಒಂದರದು ಕೊಕ್ಕೆಯಂತೆ, ಇನ್ನೊಂದರದು ಗರಗಸದಂತೆ, ಮತ್ತೊಂದರದು ಚಮಚದಂತೆ. ಎಲೆಗಳ ಮೇಲೆ ಆಮೆಯ ಹಾಗೆ ಕವುಚಿ ಕುಳಿತಿರುವ ಆಮೆ ಜೀರುಂಡೆಗಳಲ್ಲಿ ಕೆಲವು ಗಂಡುಗಳ ಅಂಗದ ತುದಿಯ ಎಳೆ ಅವುಗಳ ದೇಹಕ್ಕಿಂತ ಉದ್ದ. ಹೆಣ್ಣಿನೊಳಗಿನ ಸುರುಳಿಸುರುಳಿಯಾದ ನಾಳದಲ್ಲಿ ಮುರಿಯದೆ ಮಡಿಚಿಕೊಳ್ಳದೆ ಅದು ಸಾಗಬೇಕು. ಹೊಟ್ಟೆ, ಕಾಲು, ಕಣ್ಣುಗಳೆಲ್ಲ ಹೆಚ್ಚುಕಡಿಮೆ ಒಂದೇ ಆಗಿದ್ದು ಈ ಒಂದು ಅಂಗ ಮಾತ್ರ ಇಷ್ಟು ಬೇಗ, ಇಷ್ಟು ಬಗೆಯಾಗಿ ಬದಲಾಗುವುದೇಕೆ? ವೀರ್ಯವನ್ನು ಸಾಗಿಸುವುದಷ್ಟೇ ಕೆಲಸವಾಗಿದ್ದರೆ ಒಂದು ಸಾದಾ ಕೊಳವೆ ಸಾಕಾಗುತ್ತಿತ್ತು.

ಮೊದಲ ಉತ್ತರ ಫ್ರಾನ್ಸಿನಿಂದ ಬಂದಿತು. 1844ರಲ್ಲಿ ಲಿಯೋನ್ ದ್ಯುಫೂರ್ ಎಂಬ ವೈದ್ಯ, ಗಂಡಿನದು ಕೀಲಿಕೈ, ಹೆಣ್ಣಿನದು ಬೀಗ ಎಂಬ ವಾದವನ್ನು ಹೂಡಿದ. ಪ್ರತಿಯೊಂದು ಪ್ರಭೇದಕ್ಕೂ ಅದರದೇ ಬೀಗ. ಅನ್ಯರ ಕೀಲಿಕೈ ಅಲ್ಲಿ ತಿರುಗದು. ಹೀಗೆ ಪ್ರಕೃತಿ ಕುಲಸಂಕರವನ್ನು ತಡೆದಿದೆ ಎಂದು ಅದರ ತಾತ್ಪರ್ಯ. ನಮ್ಮಂಥವರಿಗೆ ಈ ವಾದ ಕೇಳಿದೊಡನೆ ಹಿಡಿಸುತ್ತದೆ. ಋಣಾನುಬಂಧ, ಸ್ವರ್ಗದಲ್ಲಿ ನಿಶ್ಚಯವಾದ ಮದುವೆ, ಕುಲಕ್ಕೆ ತಕ್ಕ ಸಂಬಂಧ, ಎಲ್ಲವೂ ಇದರಲ್ಲಿ ಅಡಗಿದಂತಿದೆ. ಪೂರ್ತಿ ಸುಳ್ಳೂ ಅಲ್ಲ. ಜಪಾನಿನ ಕಾಡುಗಳಲ್ಲಿ ನೆಲದ ಮೇಲೆ ಓಡಾಡುವ ಎರಡು ಹತ್ತಿರದ ಪ್ರಭೇದಗಳ ಜೀರುಂಡೆಗಳಿವೆ. ಒಂದರ ಗಂಡು ಇನ್ನೊಂದರ ಹೆಣ್ಣನ್ನು ಕೂಡಿದರೆ ಗಂಡಿನ ಅಂಗದ ತುಂಡು ಮುರಿಯಬಹುದು, ಹೆಣ್ಣಿನ ಒಳಪೊರೆ ಹರಿಯಬಹುದು ಎಂದು ಸೋಟ ಮತ್ತು ಕುಬೋಟ ಎಂಬ ವಿದ್ವಾಂಸರು 1998ರಲ್ಲಿ ತೋರಿಸಿದರು. ಆದರೆ ಇಂಥ ಉದಾಹರಣೆಗಳು ಕಡಿಮೆ. ಬಹುಪಾಲು ಕೀಟಗಳಲ್ಲಿ ಹುಡುಕಿದರೆ ಕೀಲಿಕೈ ನೂರು ಬಗೆ ಸಿಗುತ್ತದೆ. ಅದಕ್ಕೆ ತಕ್ಕಷ್ಟು ಬಗೆಯ ಬೀಗ ಸಿಗುವುದಿಲ್ಲ. ದ್ಯುಫೂರನ ವಾದಕ್ಕೆ ತೊಡಕಾದದ್ದು ಇದು.

ಎರಡನೆಯ ಉತ್ತರವನ್ನು ಡಾರ್ವಿನ್ ಕೊಡಬಹುದಾಗಿತ್ತು. ಕೇಂಬ್ರಿಜ್ಜಿನಲ್ಲಿ ಓದುವಾಗ ಅವನಿಗಿದ್ದ ಹುಚ್ಚು ಜೀರುಂಡೆಗಳದೇ. ಒಮ್ಮೆ ಎರಡು ಕೈಗಳಲ್ಲಿಯೂ ಅಪರೂಪದ ಹುಳಗಳಿದ್ದಾಗ ಮೂರನೆಯದು ಕಂಡಿತು. ಕೈಯಲ್ಲಿದ್ದ ಒಂದನ್ನು ಬಾಯಿಗೆ ಹಾಕಿಕೊಂಡ. ಅದು ನಾಲಗೆ ಸುಡುವಂಥ ರಸವನ್ನು ಕಾರಿತು. ಹಾಗೆ ಬಾಯಿ ಸುಟ್ಟುಕೊಂಡವನು 1871ರಲ್ಲಿ ಮನುಷ್ಯನ ಅವತರಣವನ್ನೂ ಲೈಂಗಿಕ ಆಯ್ಕೆಯನ್ನೂ ಕುರಿತು ದೊಡ್ಡ ಗ್ರಂಥವನ್ನು ಬರೆದ. ಗಂಡಿನ ಕೊಂಬು, ಬಣ್ಣ, ಹಾಡುಗಳೆಲ್ಲ ಹೆಣ್ಣನ್ನು ಪಡೆಯುವ ಪೈಪೋಟಿಯಿಂದ ಹುಟ್ಟಿದವು ಎಂದು ಅದರಲ್ಲಿ ವಾದಿಸಿದ. ಕೊಂಬಿನ ಜೀರುಂಡೆಗಳಿಗೆ ಅಲ್ಲಿ ಪುಟಗಟ್ಟಲೆ ಜಾಗವಿದೆ. ಆದರೆ ಜನನಾಂಗಗಳನ್ನು ಅವನು ಈ ಪೈಪೋಟಿಯಿಂದ ಹೊರಗಿಟ್ಟ. ಸ್ಪರ್ಧೆಯೆಲ್ಲ ಮಿಲನದವರೆಗೆ, ಅಲ್ಲಿಗೆ ಆಟ ಮುಗಿಯಿತು ಎಂಬುದು ಅವನ ಎಣಿಕೆ. ಮದುವೆಯ ಮನೆಯ ಚಪ್ಪರದವರೆಗೆ ಬಂದು ಬಾಗಿಲಿನಿಂದಲೇ ಹಿಂದಿರುಗಿದ ಹಾಗಾಯಿತು.

ಆ ಬಾಗಿಲು ತೆರೆಯಲು ಒಂದು ನೂರು ವರ್ಷ ಹಿಡಿಯಿತು. 1970ರಲ್ಲಿ ಇಂಗ್ಲೆಂಡಿನ ಜೆಫ್ ಪಾರ್ಕರ್, ಕೀಟಗಳಲ್ಲಿ ಆಟ ಮಿಲನದಿಂದ ಮುಗಿಯುವುದಿಲ್ಲ, ಅಲ್ಲಿಂದ ಮುಂದೆಯೂ ನಡೆಯುತ್ತದೆ ಎಂದು ತೋರಿಸಿದ. ಕೀಟಗಳ ಹೆಣ್ಣು ಒಂದಕ್ಕಿಂತ ಹೆಚ್ಚು ಗಂಡುಗಳನ್ನು ಕೂಡುತ್ತದೆ. ಬಂದ ವೀರ್ಯವನ್ನು ತನ್ನೊಳಗಿನ ಸಣ್ಣ ಚೀಲವೊಂದರಲ್ಲಿ ಕೂಡಿಟ್ಟುಕೊಂಡು, ಮೊಟ್ಟೆಯಿಡುವಾಗ ಬಳಸುತ್ತದೆ. ಹೀಗಾಗಿ ಇಬ್ಬರು ಗಂಡುಗಳ ವೀರ್ಯಾಣುಗಳು ಒಂದೇ ಚೀಲದಲ್ಲಿ ಪೈಪೋಟಿಗೆ ಬೀಳುತ್ತವೆ. 1985ರಲ್ಲಿ ವಿಲಿಯಂ ಎಬರ್ಹಾರ್ಡ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಹೆಣ್ಣಿನ ಒಡಲು ಬರಿಯ ಕಣವಲ್ಲ, ಅದು ತೀರ್ಪುಗಾರನೂ ಹೌದು. ಯಾರ ವೀರ್ಯವನ್ನು ಇಟ್ಟುಕೊಳ್ಳಬೇಕು, ಯಾರದನ್ನು ಚೆಲ್ಲಬೇಕು ಎಂಬುದರಲ್ಲಿ ಅದರ ಕೈವಾಡವಿದೆ. ಗಂಡಿನ ಅಂಗದ ಚಿತ್ರವಿಚಿತ್ರ ಆಕಾರಗಳು ಆ ತೀರ್ಪುಗಾರನನ್ನು ಒಲಿಸಿಕೊಳ್ಳುವ ಯತ್ನ ಎಂದು ಆತ ಬರೆದ.

ಸಗಣಿಯ ಜೀರುಂಡೆಗಳನ್ನು ನೋಡಿದರೆ ಈ ಪೈಪೋಟಿಯ ಲೆಕ್ಕಾಚಾರ ಚೆನ್ನಾಗಿ ತಿಳಿಯುತ್ತದೆ. ಇವುಗಳಲ್ಲಿ ಒಂದು ಬಗೆಯ ಹೆಣ್ಣು ಸಗಣಿಯ ಕೆಳಗೆ ಸುರಂಗ ತೋಡಿ ಮೊಟ್ಟೆಯಿಡುತ್ತದೆ. ದೊಡ್ಡ ಕೊಂಬಿನ ಗಂಡು ಸುರಂಗದ ಬಾಯಲ್ಲಿ ಕಾವಲು ನಿಲ್ಲುತ್ತದೆ. ಕೊಂಬಿಲ್ಲದ ಸಣ್ಣ ಗಂಡು ಜಗಳಕ್ಕೆ ಹೋಗದೆ ಪಕ್ಕದಲ್ಲಿ ಕನ್ನ ಕೊರೆದು ಒಳಗೆ ನುಗ್ಗುತ್ತದೆ. ಕೊಂಬಿಗೆ ಸುರಿದ ಬಂಡವಾಳ ಬೇರೆ ಕಡೆ ಕೊರತೆಯಾಗಲೇಬೇಕಲ್ಲ? 2006ರಲ್ಲಿ ಲೀ ಸಿಮನ್ಸ್ ಮತ್ತು ಡಗ್ಲಸ್ ಎಮ್ಲನ್ ಎಂಬವರು ಕೆಲವು ಗಂಡುಗಳಿಗೆ ಎಳವೆಯಲ್ಲಿಯೇ ಕೊಂಬು ಮೂಡದಂತೆ ಮಾಡಿದರು. ಅವುಗಳ ವೃಷಣಗಳು ಹೆಚ್ಚು ದೊಡ್ಡದಾಗಿ ಬೆಳೆದವು. ಹೊರಗಿನ ಆಯುಧಕ್ಕೂ ಒಳಗಿನ ಆಯುಧಕ್ಕೂ ಹಣ ಒಂದೇ ಚೀಲದಿಂದ ಹೋಗುತ್ತಿತ್ತು ಎಂದಾಯಿತು.

ಇಷ್ಟರಮಟ್ಟಿಗೆ ಕಥೆ ಗಂಡುಗಂಡುಗಳ ನಡುವಿನದು. ನಮ್ಮ ಅಲಸಂದೆಯ ಹುಳದ ಕಡೆಗೆ ತಿರುಗಿದರೆ ಬೇರೆಯದೇ ಅಧ್ಯಾಯ ತೆರೆಯುತ್ತದೆ. ಇದರ ಶಾಸ್ತ್ರೀಯ ಹೆಸರು ಕ್ಯಾಲೊಸೊಬ್ರೂಕಸ್ ಮ್ಯಾಕುಲೇಟಸ್. ಸಾಕುವುದು ಸುಲಭ, ಒಂದು ಸೀಸೆ, ಒಂದು ಹಿಡಿ ಕಾಳು ಇದ್ದರೆ ಸಾಕು. ಆದ್ದರಿಂದ ಅದು ಪ್ರಪಂಚದ ಪ್ರಯೋಗಶಾಲೆಗಳಲ್ಲೆಲ್ಲ ನೆಲೆಸಿದೆ. ಅಮೆರಿಕದ ವಿದ್ವಾಂಸರು “ದಕ್ಷಿಣ ಭಾರತ” ಎಂದು ಕರೆಯುವ ಒಂದು ತಳಿಯಿದೆ. ಅದರ ಪೂರ್ವಜರನ್ನು 1979ರಲ್ಲಿ ತಿರುನೆಲ್ವೇಲಿಯ ಹೆಸರು ಮತ್ತು ಉದ್ದಿನ ಕಾಯಿಗಳಿಂದ ಹಿಡಿದು ಒಯ್ದಿದ್ದರು. ನಮ್ಮ ಕಡೆಯಿಂದ ಹೋಗಿ ವಿದೇಶದಲ್ಲಿ ವಂಶ ಬೆಳೆಸಿದವರ ಪಟ್ಟಿಯಲ್ಲಿ ಇವುಗಳನ್ನೂ ಸೇರಿಸಬೇಕು.

ಈ ಹುಳದ ಗಂಡಿನ ಅಂಗದ ತುದಿಯಲ್ಲಿ ಗಟ್ಟಿಯಾದ ಮುಳ್ಳುಗಳ ಗೊಂಚಲಿದೆ. ಸೂಕ್ಷ್ಮದರ್ಶಕದ ಚಿತ್ರದಲ್ಲಿ ನೋಡಿದರೆ ಹಳೆಯ ನಾಟಕದ ಭೀಮನ ಗದೆಗೆ ಮೊಳೆ ಹೊಡೆದ ಹಾಗೆ ಕಾಣುತ್ತದೆ. ಮಿಲನದ ಕಾಲದಲ್ಲಿ ಹೆಣ್ಣಿನೊಳಗೆ ಅದು ಅರಳುತ್ತದೆ. ಇಂಥ ಮುಳ್ಳಿದೆ ಎಂಬುದು ಹೊಸ ಸಂಗತಿಯಾಗಿರಲಿಲ್ಲ; ಹುಳಗಳನ್ನು ಬೇರ್ಪಡಿಸುವವರು ಅದನ್ನು ಎಣಿಸಿ ಗುರುತು ಹಾಕಿಕೊಂಡಿದ್ದರು. ಆ ಮುಳ್ಳಿನ ಎದುರಿಗೆ ಇರುವ ಗೋಡೆಯ ಗತಿಯೇನು ಎಂಬ ಪ್ರಶ್ನೆ ದೊಡ್ಡದಾಗಿ ಕೇಳಿಸಿದ್ದು 2000ದಲ್ಲಿ. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಹೆಲೆನ್ ಕ್ರಡ್ಜಿಂಗ್ಟನ್ ಮತ್ತು ಮೈಕ್ ಸಿವ-ಜೋತಿ ಮಿಲನ ಮುಗಿಸಿದ ಹೆಣ್ಣುಗಳನ್ನು ತೆರೆದು ನೋಡಿದರು. ಒಳಗೋಡೆಯಲ್ಲಿ ತೂತುಗಳಿದ್ದವು, ಮಾಯ್ದ ಗಾಯದ ಕಲೆಗಳಿದ್ದವು. ಎರಡು ಬಾರಿ ಕೂಡಿದ ಹೆಣ್ಣುಗಳು ಒಂದು ಬಾರಿ ಕೂಡಿದವುಗಳಿಗಿಂತ ಬೇಗ ಸಾಯುತ್ತಿದ್ದವು. ಮಿಲನದ ಕೊನೆಯಲ್ಲಿ ಹೆಣ್ಣು ತನ್ನ ಹಿಂಗಾಲುಗಳಿಂದ ಗಂಡನ್ನು ಬಲವಾಗಿ ಒದೆಯುವುದನ್ನು ಸೀಸೆಯ ಹೊರಗಿನಿಂದ ಯಾರು ಬೇಕಾದರೂ ಕಾಣಬಹುದು. ಹಾಗೆ ಒದೆಯಲಾಗದಂತೆ ಮಾಡಿ ನೋಡಿದಾಗ ಮಿಲನ ಹೆಚ್ಚು ಹೊತ್ತು ನಡೆಯಿತು, ಗಾಯಗಳೂ ಹೆಚ್ಚಾದವು.

ಇದನ್ನು ಓದಿದ ದಿನ ನಾನು ಮನೆಯಲ್ಲಿ ಹೇಳಿದೆ. ನಡುಮನೆಯಲ್ಲಿ ನನ್ನ ಹೆಂಡತಿಯೂ ಅಕ್ಕನೂ ಮೊರದ ಮುಂದೆ ಕುಳಿತು ಕಾಳು ಆರಿಸುತ್ತಿದ್ದರು. “ಮೊರ ಕೊಡಿ ಅಂದರೆ ಭೂತಗನ್ನಡಿ ತರುತ್ತೀರಲ್ಲ ನೀವು” ಎಂದು ಹೆಂಡತಿ ಗೊಣಗಿದಳು. ಆ ಅಕ್ಕನ ವಿಷಯ ಇಲ್ಲಿ ಎರಡು ಮಾತು ಹೇಳಬೇಕು.

ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಆರು ಮಕ್ಕಳನ್ನು ಹೆತ್ತವಳು. ಆರನೆಯ ಬಾಣಂತನದ ಮೇಲೆ ಅವಳ ಗರ್ಭಕೋಶ ಕೆಳಕ್ಕೆ ಜಾರಿತ್ತು. ಅದನ್ನು ಅವಳು ಯಾರಿಗೂ ಹೇಳದೆ 11 ವರ್ಷ ಕಳೆದಳು. ಬಾವಿಯಿಂದ ನೀರು ಸೇದಿದಳು, ಹಬ್ಬಗಳಿಗೆ ಒಬ್ಬಟ್ಟು ಬೇಯಿಸಿದಳು, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದಳು. ಕುಳಿತಲ್ಲಿಂದ ಏಳಲು ಗೋಡೆ ಹಿಡಿಯುತ್ತಾಳೆಂದರೆ ವಯಸ್ಸಾಯಿತು ಎಂದುಕೊಂಡರು. ಕೊನೆಗೆ ನಡೆಯಲೂ ಕಷ್ಟವಾದಾಗ ನಮ್ಮ ಮನೆಗೆ ಬಂದವಳು ರಾತ್ರಿ ದೀಪ ಆರಿದ ಮೇಲೆ ನನ್ನ ಹೆಂಡತಿಯ ಹತ್ತಿರ ಬಾಯಿ ಬಿಟ್ಟಳು. ಆಸ್ಪತ್ರೆಗೆ ಕರೆದೊಯ್ದೆವು. ಪರೀಕ್ಷೆ ಮಾಡಿದ ಡಾಕ್ಟರಮ್ಮ, “ಇಷ್ಟು ವರ್ಷ ಯಾಕಮ್ಮಾ ಹೇಳಲಿಲ್ಲ?” ಎಂದು ಕೇಳಿದರು. “ಯಾರಿಗೆ ಅಂತ ಹೇಳಲಿ?” ಎಂದಳು ಅಕ್ಕ. ಆಪರೇಷನ್ ಆಯಿತು. ಒಂದು ಗಂಟೆಯ ಕೆಲಸ. ಆಮೇಲೆ ಅವಳು ಬದುಕಿದಷ್ಟು ದಿನವೂ ಚೆನ್ನಾಗಿಯೇ ಓಡಾಡಿದಳು. ಭಾವ ಸಾಧು ಮನುಷ್ಯರು. ಅವರು ಯಾರ ಮೇಲೂ ಕೈಯೆತ್ತಿದವರಲ್ಲ, ಏರಿದ ದನಿಯಲ್ಲಿ ಮಾತಾಡಿದವರಲ್ಲ. ಅವರಿಗೂ ಆ 11 ವರ್ಷ ವಿಷಯ ತಿಳಿದಿರಲಿಲ್ಲ.

ಹುಳದ ಕಥೆಯನ್ನು ಹೇಳಿ ಮುಗಿಸಿದಾಗ ಅಕ್ಕ ಕೈಯಲ್ಲಿದ್ದ ಕಾಳನ್ನು ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಒದೆಯೋದಕ್ಕಾದರೂ ಬರುತ್ತಲ್ಲೋ ಅದಕ್ಕೆ” ಎಂದಳು. ನಾವು ಯಾರೂ ಮಾತಾಡಲಿಲ್ಲ. ಅವಳು ಸೆರಗು ಕೊಡವಿಕೊಂಡು ಒಳಗೆ ಹೋದಳು.

ಗಂಡುಹುಳ ತನ್ನ ಸಂಗಾತಿಯನ್ನೇ ಏಕೆ ಗಾಯಗೊಳಿಸಬೇಕು? ಅದರ ಮಕ್ಕಳನ್ನು ಹೆರಬೇಕಾದವಳು ಅವಳೇ ತಾನೆ? ಈ ಪ್ರಶ್ನೆಗೆ ಸ್ವೀಡನ್ನಿನ ಉಪ್ಸಾಲಾದಲ್ಲಿ ಗೋರಾನ್ ಆರ್ನ್‌ಕ್ವಿಸ್ಟ್ ಮತ್ತು ಅವನ ಸಂಗಡಿಗರು ಬಹಳ ವರ್ಷ ದುಡಿದರು. ಮುಳ್ಳು ಉದ್ದವಿರುವ ಗಂಡುಗಳಿಗೆ ಹೆಚ್ಚು ಸಂತಾನವಾಗುತ್ತದೆ ಎಂದು 2009ರಲ್ಲಿ ಕಂಡುಬಂದಿತು. 2012ರಲ್ಲಿ ಲೇಸರ್ ಕಿರಣದಿಂದ ಕೆಲವು ಗಂಡುಗಳ ಮುಳ್ಳನ್ನು ಮೊಟಕು ಮಾಡಿ ಪರೀಕ್ಷಿಸಿದರು. ಅವುಗಳ ಪಾಲಿಗೆ ಬರುವ ಮೊಟ್ಟೆಗಳು ಕಡಿಮೆಯಾದವು. ಮುಳ್ಳು ಚುಚ್ಚಿದ ಜಾಗದಿಂದ ವೀರ್ಯದ ದ್ರವದಲ್ಲಿರುವ ವಸ್ತುಗಳು ಹೆಣ್ಣಿನ ರಕ್ತಕ್ಕೆ ಸೇರುತ್ತವೆ. ಅದರಿಂದ ಗಂಡಿಗೆ ಲಾಭವಿದೆ. ಅಂದರೆ ಗಾಯ ಮಾಡುವುದು ಗುರಿಯಲ್ಲ. ಪೈಪೋಟಿಯಲ್ಲಿ ಗೆಲ್ಲುವ ಉಪಾಯದ ಜೊತೆಗೆ ಬಂದ ಬೆಲೆ ಅದು; ಬೆಲೆ ತೆರುವವಳು ಮಾತ್ರ ಬೇರೆ.

ಹೆಣ್ಣಿನ ಖಾತೆಯಲ್ಲಿ ಜಮೆಯೂ ಸ್ವಲ್ಪ ಇದೆ ಎಂದು ನ್ಯಾಯವಾಗಿ ಹೇಳಬೇಕು. ಗಂಡು ಒಂದು ಮಿಲನದಲ್ಲಿ ತನ್ನ ದೇಹದ ತೂಕದ ಶೇಕಡಾ 5ರಿಂದ 10ರಷ್ಟು ದ್ರವವನ್ನು ಕೊಡುತ್ತದೆ. ಒಣಕಾಳಿನ ಮರುಭೂಮಿಯಲ್ಲಿ ನೀರೆಂದರೆ ಅದೇ. ಕುಡಿಯಲು ನೀರನ್ನಿಟ್ಟ ಹೆಣ್ಣುಗಳು ಮತ್ತೆ ಕೂಡಲು ಅಷ್ಟಾಗಿ ಒಪ್ಪುವುದಿಲ್ಲವೆಂದು 2007ರಲ್ಲಿ ಕಂಡುಬಂದಿದೆ. ಬಾಯಾರಿದ್ದರಿಂದ ಒಪ್ಪುತ್ತಿದ್ದವು ಎಂದು ಇದರ ಅರ್ಥ.

ಅದೇ 2007ರಲ್ಲಿ, ಉಪ್ಸಾಲಾದ ಯೊಹಾನ್ನಾ ರೋನ್ ಮತ್ತು ಸಂಗಡಿಗರು ಈ ಕುಲದ ಏಳು ಪ್ರಭೇದಗಳನ್ನು ಅಕ್ಕಪಕ್ಕದಲ್ಲಿಟ್ಟು ಗಂಡು ಹೆಣ್ಣು ಎರಡನ್ನೂ ಅಳೆದರು. ಗಂಡಿನ ಮುಳ್ಳು ಹೆಚ್ಚು ಹಾನಿ ಮಾಡುವಂತಿದ್ದ ಪ್ರಭೇದಗಳಲ್ಲಿ ಹೆಣ್ಣಿನ ಒಳಗೋಡೆ ಹೆಚ್ಚು ದಪ್ಪವಾಗಿತ್ತು. ಮುಳ್ಳು ಕಡಿಮೆಯಾದಲ್ಲಿ ಗೋಡೆ ತೆಳುವಾಗಿತ್ತು. ಮುಳ್ಳು ಬೆಳೆದ ಹಾಗೆಲ್ಲ ಗೋಡೆಯೂ ಬೆಳೆದಿದೆ. ಗೋಡೆ ಬೆಳೆದ ಹಾಗೆಲ್ಲ ಮುಳ್ಳು. ಗಂಡಿನದು ಮುಂದೆ ಹೋಗಿ ಗೋಡೆ ಹಿಂದುಳಿದ ಕಡೆ ಹೆಣ್ಣು ಹೆಚ್ಚು ನಷ್ಟ ಅನುಭವಿಸಿದೆ. ಬೀಗ ಮತ್ತು ಕೀಲಿಕೈ ಎಂದು ದ್ಯುಫೂರ್ ಕರೆದದ್ದು ಲಕ್ಷಾಂತರ ವರ್ಷಗಳಿಂದ ನಡೆದುಬಂದಿರುವ ಒಂದು ವ್ಯಾಜ್ಯ. ಎರಡು ಕಡೆಯವರೂ ಅದರಲ್ಲಿ ವಾದಿಗಳು. ಈ ಸುದ್ದಿ ಬರುವ ವೇಳೆಗೆ ನನ್ನ ಅಕ್ಕ ತೀರಿಕೊಂಡಿದ್ದಳು.

ಹೆಣ್ಣಿನ ಕಡೆಯ ವಕಾಲತ್ತನ್ನು ಕೇಳುವುದಕ್ಕೆ ಇಷ್ಟು ಕಾಲ ಬೇಕಾದದ್ದೇಕೆ? ನೀರಿನಲ್ಲಿ ಮುಳುಗುವ ಜೀರುಂಡೆಗಳ ಉದಾಹರಣೆ ನೋಡಿ. ಗಂಡಿನ ಮುಂಗಾಲುಗಳಲ್ಲಿ ಬಟ್ಟಲುಗಳಂಥ ಹೀರುಪಟ್ಟೆಗಳಿವೆ. ಹೆಣ್ಣಿನ ಬೆನ್ನಿಗೆ ಅಂಟಿಕೊಳ್ಳುವುದಕ್ಕೆ ಅವು. ಕೆಲವು ಹೆಣ್ಣುಗಳ ಬೆನ್ನಿನ ಮೇಲೆ ಉದ್ದುದ್ದ ತೋಡುಗಳಿವೆ. ಗಂಡಿಗೆ ಹಿಡಿತ ಸಿಗಲೆಂದು ಈ ತೋಡು ಎಂದು ಡಾರ್ವಿನ್ ತಿಳಿದಿದ್ದ. ನುಣುಪಾದ ಗಾಜಿನ ಮೇಲೆ ಅಂಟುವ ರಬ್ಬರಿನ ಬಟ್ಟಲು ಉಬ್ಬುತಗ್ಗಿನ ಗೋಡೆಗೆ ಅಂಟೀತೆ? ತೋಡು ಹಿಡಿತವನ್ನು ತಪ್ಪಿಸುವುದಕ್ಕೆ ಬಂದದ್ದು ಎಂದು ಈಗಿನವರು ತೋರಿಸಿದ್ದಾರೆ. ಅಷ್ಟು ದೊಡ್ಡ ಕಣ್ಣಿನ ಮನುಷ್ಯನಿಗೂ ಹೆಣ್ಣಿನ ಬೆನ್ನು ಗಂಡಿನ ಅನುಕೂಲಕ್ಕಾಗಿ ಎಂದೇ ಕಂಡಿತು.

ಡಾರ್ವಿನ್ನನ ಕಾಲ ಹಾಗಿತ್ತು ಎಂದು ಸಮಾಧಾನಪಡೋಣವೆಂದರೆ ಅದೂ ಆಗದು. 2014ರಲ್ಲಿ ಮಲಿನ್ ಆ-ಕಿಂಗ್ ಮತ್ತು ಅವಳ ಇಬ್ಬರು ಸಹೋದ್ಯೋಗಿಗಳು, ಹಿಂದಿನ 25 ವರ್ಷಗಳಲ್ಲಿ ಪ್ರಾಣಿಗಳ ಜನನಾಂಗಗಳ ವಿಕಾಸವನ್ನು ಕುರಿತು ಬಂದ 364 ಸಂಶೋಧನೆಗಳನ್ನು ಎಣಿಸಿ ನೋಡಿದರು. ಅರ್ಧದಷ್ಟು ಗಂಡಿನದನ್ನು ಮಾತ್ರ ನೋಡಿದ್ದವು. ಹೆಣ್ಣಿನದನ್ನು ಮಾತ್ರ ನೋಡಿದವು ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ. ಗಂಡಿನ ಅಂಗ ಗಟ್ಟಿ, ಎದ್ದು ಕಾಣುತ್ತದೆ, ಅಳೆಯಲು ಸುಲಭ. ಹೆಣ್ಣಿನದು ಮೆತ್ತಗೆ, ಒಳಗೆ ಮಡಿಚಿಕೊಂಡಿದೆ ಎಂಬ ಸಬೂಬು ಇದೆ. ಅದರಲ್ಲಿ ನಿಜವೂ ಇದೆ. ಕೀಲಿಕೈ ನೂರು ಬಗೆ ಸಿಕ್ಕಿ ಬೀಗಗಳೆಲ್ಲ ಒಂದೇ ರೀತಿ ಕಂಡದ್ದರಲ್ಲಿ, ಬೀಗವನ್ನು ಸರಿಯಾಗಿ ತೆರೆದು ನೋಡಿದವರು ಕಡಿಮೆ ಎಂಬುದರ ಪಾಲೂ ಇದೆ.

ಇಲ್ಲಿಗೆ ಒಂದು ಎಚ್ಚರಿಕೆಯ ಮಾತು ಹೇಳದಿದ್ದರೆ ನಾನು ಅಧ್ಯಾಪಕನೆನ್ನಿಸಿಕೊಳ್ಳಲು ಅರ್ಹನಲ್ಲ. ಹುಳಗಳಿಂದ ನೀತಿ ಕಲಿಯಲು ಹೊರಡಬಾರದು. ಇರುವೆಯಿಂದ ದುಡಿಮೆಯನ್ನೂ ಜೇನಿನಿಂದ ಒಗ್ಗಟ್ಟನ್ನೂ ಕಲಿಯಿರಿ ಎನ್ನುವವರು ಅಲಸಂದೆಯ ಹುಳದ ಹತ್ತಿರ ಬಂದಾಗ ಏನು ಮಾಡುತ್ತಾರೋ ನಾನರಿಯೆ. ಗಂಡುಹುಳ ಕ್ರೂರಿಯಲ್ಲ, ಹೆಣ್ಣುಹುಳ ಸತಿಯೂ ಅಲ್ಲ, ಬಂಡಾಯಗಾರ್ತಿಯೂ ಅಲ್ಲ. ವ್ಯಾಜ್ಯ, ಆಯುಧ, ಪೈಪೋಟಿ ಎಂಬ ಮಾತುಗಳೆಲ್ಲ ನಮ್ಮ ಬಡಭಾಷೆಯವು. ಪ್ರಕೃತಿಯಲ್ಲಿ ಹೀಗಿದೆ ಎಂದು ತೋರಿಸಿ ಮನೆಯಲ್ಲಿಯೂ ಹೀಗೇ ಇರಲಿ ಎನ್ನುವವನ ಹತ್ತಿರ ನಾನು ಸೇರುವುದಿಲ್ಲ. ಪ್ರಕೃತಿಯಲ್ಲಿ ಹೀಗಿರುವುದು ಅಸಭ್ಯ, ಮಾತಾಡಬೇಡಿ ಎನ್ನುವವನೂ ನನಗೆ ಅಷ್ಟೇ ದೂರ.

ಹುಳದ ಬಾಳು ಹುಳದ್ದು. ಆದರೆ ನೋಡದಿರುವ ಅಭ್ಯಾಸ ಹುಳದ್ದಲ್ಲ, ನಮ್ಮದು. ಮುಳ್ಳನ್ನು ಎಣಿಸಿದವರು ಗೋಡೆಯನ್ನು ಮುಟ್ಟಿ ನೋಡದಿದ್ದದ್ದು ದ್ವೇಷದಿಂದಲ್ಲ. ಅತ್ತ ಕಣ್ಣು ಹೋಗಲಿಲ್ಲ, ಅಷ್ಟೆ. ನಮ್ಮ ಅಧ್ಯಾಪಕರು ಪುಸ್ತಕ ಮುಚ್ಚುತ್ತಿದ್ದದ್ದೂ ಕೇಡಿಗಲ್ಲ, ಸಂಕೋಚಕ್ಕೆ. ಆದರೆ ತಲೆ ತಗ್ಗಿಸಿ ಕುಳಿತಿದ್ದ ಆ ನಾಲ್ಕು ಹುಡುಗಿಯರು ಮನೆಗೆ ಹೋಗಿ ಆ ಪಾಠವನ್ನು ಯಾರ ಹತ್ತಿರ ಹೇಳಿಸಿಕೊಳ್ಳಬೇಕಾಗಿತ್ತು? ತಾಯಂದಿರು ಹೇಳುವವರಲ್ಲ, ಅವರಿಗೆ ಅವರ ತಾಯಂದಿರು ಹೇಳಿರಲಿಲ್ಲ.

ಹೆಣ್ಣುಹುಳದ ಒಳಗೋಡೆಯ ದಪ್ಪವನ್ನು ಅಳೆಯುವುದಕ್ಕೆ ಮಹಾಯಂತ್ರಗಳೇನೂ ಬೇಕಾಗಿರಲಿಲ್ಲ. ತೆಳುವಾಗಿ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿಯಲ್ಲಿಟ್ಟು ನೋಡುವ ವಿದ್ಯೆ ನೂರು ವರ್ಷಕ್ಕೂ ಹಳೆಯದು. ಆ ಹುಳವೂ ಹೊಸದಲ್ಲ. ಅಲಸಂದೆ ಬೆಳೆದ ಜನರಿಗೆಲ್ಲ ಅದು ತಲೆತಲಾಂತರದಿಂದ ಪರಿಚಿತ. ಫ್ಯಾಬ್ರೀಷಿಯಸ್ ಅದಕ್ಕೆ ಶಾಸ್ತ್ರೀಯವಾಗಿ ಹೆಸರಿಟ್ಟದ್ದು 1775ರಲ್ಲಿ. ಹೆಸರಿಟ್ಟಂದಿನಿಂದ ಒಳಗೆ ಗಾಯವಿದೆಯೇ ಎಂದು ಕೇಳುವವರೆಗೆ 225 ವರ್ಷ ಹಿಡಿಯಿತು. ನನ್ನ ಅಕ್ಕನ 11 ವರ್ಷವನ್ನು ಅದರ ಪಕ್ಕದಲ್ಲಿಟ್ಟರೆ ಬಹಳ ಚಿಕ್ಕದಾಗಿ ಕಾಣುತ್ತದೆ. ಆದರೆ ಅದನ್ನು ಕಳೆದವಳಿಗೆ ಅದು ಚಿಕ್ಕದಾಗಿರಲಿಲ್ಲ.